ಸಿನ್ಯೂ, ಸ್ನಾಯು, ನರ: ಕರಪತ್ರದಲ್ಲಿ ಯಾವುದು ಹಾಕಲಿ?

ಅಕ್ಷರ ಜೋಡಿಸುವವಳು (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ದುರ್ಗಿಗುಡಿಯಲ್ಲಿ ಡಿಟಿಪಿ ಕೆಲಸ ಮಾಡುವವಳು. ಮದುವೆ ಕಾಗದ, ವೈಕುಂಠ ಸಮಾರಾಧನೆ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಇಂಥದ್ದೇ ಜಾಸ್ತಿ. ಈಗ ಕೈಗೆ ಬಂದಿರುವುದು ಮೂಳೆ ಡಾಕ್ಟರೊಬ್ಬರ ಕರಪತ್ರ. ಅಡಿಕೆ ಮರ ಹತ್ತುವ ಕೊನೆಗೌಡರಿಗಾಗಿ ಮಾಡಿದ್ದು. ಕೊಯ್ಲು ಶುರುವಾಗುವ ಮುಂಚೆ ಕಾಲಿಗೆ ಏನು ವ್ಯಾಯಾಮ ಮಾಡಬೇಕು, ಹಿಮ್ಮಡಿ ಮೇಲೆ ನೋವು ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಇಷ್ಟೇ ವಿಷಯ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾರೆ. ಕನ್ನಡ ಮಾಡುವುದು ನನ್ನ ಪಾಲಿಗೆ. ನಮ್ಮ ಊರಲ್ಲಿ ಟೈಪಿಂಗಿನ ದುಡ್ಡಿನಲ್ಲೇ ಅನುವಾದವೂ ಸೇರಿಬಿಡುತ್ತದೆ, ಅದು ಬೇರೆ ಕಥೆ.

ತೊಂದರೆ ಇಲ್ಲಿದೆ. ಮಸಲ್, ಅದನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಮೂರೂ ಬಂದಿವೆ. ಒಂದು ಕಡೆ ಮಾತ್ರ ಹಿಮ್ಮಡಿ ಮೇಲಿನ ‘ಸಿನ್ಯೂ’ ಅಂತ ಇದೆ. ಫೋನ್ ಮಾಡಿ ಕೇಳಿದೆ. ‘ಟೆಂಡನ್ನೇ ಅದು, ಹಳೇ ಇಂಗ್ಲಿಷ್ ಪದ, ಚಂದ ಕಾಣ್ತದೆ ಅಂತ ಬರೆದೆ’ ಅಂದರು. ಮಗಳ ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ತೆಗೆದು ‘ಅಂಗಾಂಶಗಳು’ ಪಾಠ ನೋಡಿದೆ. ಅಲ್ಲಿ ಮಸಲ್‌ಗೆ ಸ್ನಾಯು, ಟೆಂಡನ್‌ಗೆ ಸ್ನಾಯುರಜ್ಜು, ಲಿಗಮೆಂಟ್‌ಗೆ ಅಸ್ಥಿರಜ್ಜು. ಇದನ್ನು ಕೊನೆಗೌಡರ ಕೈಗೆ ಕೊಟ್ಟರೆ ಮಡಚಿ ಎಲೆ‌ಅಡಿಕೆ ಕಟ್ಟಿಕೊಳ್ಳುತ್ತಾರೆ ಅಷ್ಟೆ. ಹಾಗಾಗಿ ಕರಡಿನಲ್ಲಿ ‘ಹಿಮ್ಮಡಿ ನರ’ ಅಂತ ಹಾಕಿ ಕಳಿಸಿದೆ.

ಡಾಕ್ಟರು ನಕ್ಕರು. ‘ನರ ಅಂದ್ರೆ ನರ್ವ್ ಕಣ್ರೀ. ನಮ್ಮ ಹಳ್ಳಿಯವರು ಮೈಯೊಳಗೆ ಉದ್ದಕ್ಕಿರೋದಕ್ಕೆಲ್ಲ ನರ ಅಂತಾರೆ. ಅವರಿಗೆ ಗೊತ್ತಿಲ್ಲ, ನೀವೂ ಹಾಗೇ ಬರೆದ್ರೆ ಹೇಗೆ?’ ಒಳ್ಳೆಯ ಮನುಷ್ಯರು, ಬೈಯಲಿಲ್ಲ. ಆದರೂ ಆ ಮಾತು ಇನ್ನೂ ಚುಚ್ಚುತ್ತಾ ಇದೆ.

ಎರಡು ಪ್ರಶ್ನೆ. ಸಿನ್ಯೂ, ಸ್ನಾಯು ಎರಡೂ ಬಾಯಲ್ಲಿ ಅಕ್ಕತಂಗಿಯರ ಹಾಗೆ ಕೇಳುತ್ತವಲ್ಲ, ನಿಜವಾಗಿ ಸಂಬಂಧ ಇದೆಯಾ? ಇದ್ದರೆ ಅಲ್ಲಿ ಟೆಂಡನ್ ಆಗಿರುವುದು ಇಲ್ಲಿ ಮಸಲ್ ಆದದ್ದು ಹೇಗೆ? ಇನ್ನೊಂದು, ನಮ್ಮವರು ಅದನ್ನು ನರ ಅನ್ನುವುದು ಬರೀ ತಿಳಿಯದೆ ಆಡುವ ಮಾತಾ?

ಹೊಸನಗರದ ಮೇಷ್ಟ್ರು

ತಂಗೀ, ಸಂಸ್ಕೃತದ ಕಡೆಯದ್ದು ನಾನು ಹೇಳುತ್ತೇನೆ, ಇಂಗ್ಲಿಷಿನದ್ದು ಬಲ್ಲವರು ಹೇಳಲಿ.

ಮಸಲ್‌ಗೆ ಸ್ನಾಯು ಎನ್ನುವುದು ಇವತ್ತಿನ ಕನ್ನಡದ ಬಳಕೆ. ಹಳೆಯ ವೈದ್ಯಗ್ರಂಥಗಳಲ್ಲಿ ಹಾಗಿಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮಸಲ್‌ಗೆ ಪೇಶೀ ಎಂಬ ಬೇರೆ ಪದವೇ ಇದೆ. ಪೇಶಿಗಳು 500, ಸ್ನಾಯುಗಳು 900. ಆ 900ರಲ್ಲಿ ಕೈಕಾಲುಗಳಲ್ಲಿ 600, ಮುಂಡದಲ್ಲಿ 230, ಕುತ್ತಿಗೆಯಿಂದ ಮೇಲೆ 70. ಲೆಕ್ಕ ಕೂಡಿಸಿ ನೋಡಿ, ಸರಿ ಬರುತ್ತದೆ. ಇವಲ್ಲದೆ ಕಂಡರಾ ಎಂದು 16 ದಪ್ಪ ಹುರಿಗಳನ್ನು ಬೇರೆ ಹೇಳಿದ್ದಾನೆ. ಕೆಲವು ಪುಸ್ತಕಗಳಲ್ಲಿ ಟೆಂಡನ್‌ಗೆ ಕಂಡರ ಅಂತ ಇರುವುದು ಇದರಿಂದಲೇ.

ಸ್ನಾಯು ಏನು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಅವನು ಕೊಡುವ ಹೋಲಿಕೆ ನನಗೆ ಬಹಳ ಇಷ್ಟ. ಹಲಗೆಗಳನ್ನು ಜೋಡಿಸಿ, ಹಲವು ಕಟ್ಟುಗಳಿಂದ ಬಿಗಿದ ದೋಣಿ ಜನರನ್ನು ಹೊತ್ತು ನೀರಿನ ಮೇಲೆ ಭಾರ ತಡೆಯುವ ಹಾಗೆ, ಮೈಯ ಸಂದುಗಳೆಲ್ಲ ಸ್ನಾಯುಗಳಿಂದ ಬಿಗಿದಿರುವುದರಿಂದ ಮನುಷ್ಯರು ಭಾರ ಹೊರುತ್ತಾರೆ ಅಂತ. ಶ್ಲೋಕ ‘ಭಾರಸಹಾ ನರಾಃ’ ಎಂದು ಮುಗಿಯುತ್ತದೆ. ಆ ನರ ಮಾತ್ರ ನಿಮ್ಮ ನರ ಅಲ್ಲ, ಮನುಷ್ಯ! ಅಲ್ಲೇ ಸ್ವಲ್ಪ ಮುಂದೆ, ಮೂಳೆ, ಪೇಶಿ, ಸಿರೆ, ಸಂದು ಕೆಟ್ಟರೂ ಸ್ನಾಯು ಕೆಟ್ಟಷ್ಟು ಅಪಾಯವಿಲ್ಲ ಎನ್ನುತ್ತಾನೆ. ಅಂದರೆ ಅವನ ಸ್ನಾಯು ಕಟ್ಟುವ ವಸ್ತು. ನಿಮ್ಮ ಡಾಕ್ಟರ ಭಾಷೆಯಲ್ಲಿ ಲಿಗಮೆಂಟು, ಟೆಂಡನ್ನು ಎರಡೂ ಅದರೊಳಗೆ ಬರುತ್ತವೆ.

ಇದಕ್ಕೂ ಹಿಂದೆ, ವೇದದ ಭಾಷೆಯಲ್ಲಿ ಸ್ನಾವನ್ ಎಂಬ ರೂಪವಿದೆ. ಅರ್ಥ ಇದೇ. ಈ ಸ್ನಾವನ್ ನೆನಪಿಡಿ, ಇಂಗ್ಲಿಷಿನವರಿಗೆ ಬೇಕಾಗುತ್ತದೆ.

ತುಂಗಾ ದಂಡೆ (ತೀರ್ಥಹಳ್ಳಿ)

ಮೇಷ್ಟ್ರು ಎಳೆ ಕೊಟ್ಟಿದ್ದಾರೆ, ಹಿಡಿದುಕೊಳ್ಳುತ್ತೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹಳೇ ಇಂಗ್ಲಿಷ್ ನನ್ನ ಹುಚ್ಚು. ಕ್ಲಾಸಿನಲ್ಲಿ ಯಾರೂ ಕೇಳುವುದಿಲ್ಲ, ಇಲ್ಲಾದರೂ ಕೇಳಿಸಿಕೊಳ್ಳಿ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಪದ ‘ಸಿನು’, ‘ಸೆಓನು’ ಎಂದೂ ಬರೆಯುತ್ತಿದ್ದರು. ವಿಭಕ್ತಿ ಹತ್ತಿದಾಗ ‘ಸಿನ್ವೆ’, ‘ಸೆಓನೊವೆ’ ಆಗುತ್ತಿತ್ತು. ಈಗಿನ ಸಿನ್ಯೂ ಪದದ ಸ್ಪೆಲಿಂಗಿನ ಕೊನೆಗೆ ಒಂದು ಡಬ್ಲ್ಯೂ ಇದೆಯಲ್ಲ, ಅದು ಈ ವಿಭಕ್ತಿ ರೂಪದಿಂದ ಉಳಿದದ್ದು. ಮುಂದೊಂದು ಕಾಲಕ್ಕೆ ನಮ್ಮವರು ‘ಮರ’ ಬಿಟ್ಟು ‘ಮರದ’ ಅನ್ನುವುದನ್ನೇ ಮೂಲಪದ ಮಾಡಿಕೊಂಡರೆ ಹೇಗೋ ಹಾಗೆ. ಇಂಗ್ಲಿಷಿನಲ್ಲಿ ಇದು ಹೊಸದಲ್ಲ. ಶೇಡ್, ಶ್ಯಾಡೋ ಎರಡೂ ಒಂದೇ ಪದದ ಎರಡು ರೂಪ. ಮೊದಲನೆಯದು ಬರೀ ಪದ, ಎರಡನೆಯದು ವಿಭಕ್ತಿ ಹತ್ತಿದ್ದು. ಎರಡೂ ಉಳಿದುಕೊಂಡು ಬೇರೆ ಬೇರೆ ಸಂಸಾರ ಹೂಡಿದವು.

ಬೇಯೋವುಲ್ಫ್ ಕಾವ್ಯದಲ್ಲಿ ಈ ಪದ ಬರುವ ಜಾಗ ನೋಡಬೇಕು. ನಾಯಕ ಗ್ರೆಂಡಲ್ ಎಂಬ ರಾಕ್ಷಸನ ಕೈಯನ್ನು ಹಿಡಿದು ಬಿಡುವುದೇ ಇಲ್ಲ. ಹೆಗಲು ಬಾಯಿ ಬಿಡುತ್ತದೆ. ‘ಸೆಓನೊವೆ ಒನ್‌ಸ್ಪ್ರುಂಗೊನ್, ಬುರ್ಸ್ಟೊನ್ ಬಾನ್‌ಲೊಕಾನ್.’ ಸಿನ್ಯೂಗಳು ಕಿತ್ತು ಹಾರಿದವು, ಮೂಳೆಯ ಬೀಗಗಳು ಒಡೆದವು. ಸಂದಿಗೆ ಮೂಳೆಬೀಗ ಅನ್ನುತ್ತಾನೆ ಕವಿ! ನಮ್ಮ ಮೇಳದಲ್ಲಿ ಭೀಮ ದುಶ್ಶಾಸನನ ತೋಳು ಕೀಳುವ ಹೊತ್ತಿಗೆ ಚಂಡೆ ಹೇಗೆ ಬೀಳುತ್ತದೋ ಆ ಸಾಲೂ ಹಾಗೇ ಬೀಳುತ್ತದೆ. ಮೂಲದಲ್ಲಿ ಜೋರಾಗಿ ಓದಿ ನೋಡಿ.

ಈಗ ನೆಂಟಸ್ತನ. ಜರ್ಮನ್ನಿನ ಜೇನೆ ಅಂದರೆ ಟೆಂಡನ್, ಬಿಲ್ಲಿನ ಹೆದೆಗೂ ಅದೇ ಪದ. ಡಚ್ಚಿನಲ್ಲಿ ಇದರ ಒಡಹುಟ್ಟು ಜೇನೂವ್, ಅರ್ಥ ಮಾತ್ರ ನರ್ವ್. ಡಾಕ್ಟರಿಗೆ ಇದನ್ನು ಮೊದಲು ಹೇಳಿ. ಹಿಂದಕ್ಕೆ ಹೋದರೆ ವಿದ್ವಾಂಸರಲ್ಲಿ ಎರಡು ದಾರಿ. ಒಂದು, ‘ಕಟ್ಟು’ ಎಂಬ ಅರ್ಥದ ಧಾತು. ಸಂಸ್ಕೃತದ ‘ಸಿನಾತಿ’, ಅಂದರೆ ಕಟ್ಟುತ್ತಾನೆ, ಅದರದ್ದೇ. ನಮ್ಮ ಸೇತುವೆಯೊಳಗಿನ ಸೇತುವೂ ಅದರದ್ದೇ. ಇನ್ನೊಂದು, ‘ನೂಲು, ಹೊಸೆ, ಹೊಲಿ’ ಎಂಬ ಅರ್ಥದ ಧಾತು. ಮೇಷ್ಟ್ರ ಸ್ನಾವನ್ ಈ ಗುಂಪಿನದು. ಗ್ರೀಕಿನ ನ್ಯೂರಾನ್, ಲ್ಯಾಟಿನ್ನಿನ ನೆರ್ವುಸ್, ಹೊಲಿಗೆ ಸೂಜಿಯ ಇಂಗ್ಲಿಷ್ ಪದ ನೀಡಲ್ ಎಲ್ಲ ಇದರ ಮಕ್ಕಳು. ಸಿನ್ಯೂವನ್ನು ಯಾವ ಮನೆಗೆ ಸೇರಿಸಬೇಕು ಎನ್ನುವುದರಲ್ಲಿ ಜಗಳ ಇದೆ, ಆದರೆ ಸ್ನಾವನ್ ಪಕ್ಕ ಕೂರಿಸುವುದು ರೂಢಿ. ನನಗೂ ಅದೇ ಒಪ್ಪಿಗೆ. ಹಾಗಾಗಿ ನಿಮ್ಮ ಕಿವಿ ಸರಿಯಾಗೇ ಇದೆ.

ಕೊನೆಗೌಡರ ಮನೆ (ಸಾಗರ)

ನಮ್ಮಪ್ಪ ಕೊನೆಗೌಡ. ನಾನು ಹತ್ತಲ್ಲ, ಬೆಂಗಳೂರಲ್ಲಿ ಗಾಡಿ ಓಡಿಸ್ತೀನಿ. ಈಗ ಊರಿಗೆ ಬಂದಿದ್ದೀನಿ. ಇದನ್ನು ಅಪ್ಪಂಗೆ ಓದಿ ಹೇಳಿದೆ. ರಾಕ್ಷಸನ ಕೈ ಕಿತ್ತಿದ್ದನ್ನು ಇನ್ನೊಂದು ಸಲ ಓದು ಅಂದರು.

ಡಾಕ್ಟರ್ ಮಾತಿಗೆ ಅವರು ಹೇಳಿದ್ದು: ‘ನಮಗೆ ಗೊತ್ತಿಲ್ದೆ ಏನು. ಹಿಮ್ಮಡಿ ನರ ಬೇರೆ, ಕೈಗೆ ಸೂಜಿ ಹಾಕೋ ನರ ಬೇರೆ, ಸೊಂಟದಿಂದ ಕಾಲಿಗೆ ಜುಮ್ಮನ್ನೋ ನರ ಬೇರೆ. ಯಾವುದು ಅಂತ ಜಾಗ ಹೇಳಿದ್ರೆ ತಿಳೀತದೆ.’ ಆಸ್ಪತ್ರೆಯಲ್ಲಿ ನರ್ಸುಗಳೂ ನರಕ್ಕೆ ಇಂಜೆಕ್ಷನ್ ಅಂತಾರೆ, ಅದು ರಕ್ತನಾಳ ಅಲ್ವಾ? ಅವರಿಗೆ ಯಾರೂ ನಗಲ್ಲ.

ಇನ್ನೊಂದು ವಿಷಯ, ಕರಪತ್ರಕ್ಕೆ ಬೇಕಾಗಬಹುದು. ಮರ ಹತ್ತುವಾಗ ಎರಡೂ ಪಾದಕ್ಕೆ ತಳೆ, ಅಂದ್ರೆ ಬಳೆ ಥರದ ಕುಣಿಕೆ, ಹಾಕಿಕೊಳ್ತಾರೆ. ತಳೆ ಮೇಲೆ ಭಾರ ಬಿಟ್ಟು ಮೈ ಮೇಲೆತ್ತುವಾಗ ಮೀನಖಂಡ ಗಟ್ಟಿಯಾಗಿ ಉಬ್ಬಿ ನಿಲ್ತದೆ, ಹಿಮ್ಮಡಿ ಹಿಂದಿನ ನರ ಬಿಗಿತದೆ, ಬೆರಳಲ್ಲಿ ಹಿಡಿಬಹುದು. ಅಪ್ಪನಿಗೆ ನೋವು ಬರೋದು ಹತ್ತುವಾಗ ಅಲ್ಲ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲು ಕಾಲೂರಿದಾಗ. ನಾಲ್ಕು ಹೆಜ್ಜೆ ನಡೆದರೆ ಸಡಿಲ ಆಗ್ತದೆ. ಈಗ ಕೆಲವು ತೋಟದಲ್ಲಿ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯೋದು. ಅದರಲ್ಲಿ ಕಾಲು ಉಳೀತದೆ, ಕುತ್ತಿಗೆ ಹೋಗ್ತದೆ.

ಅಕ್ಷರ ಜೋಡಿಸುವವಳು

ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಬೆಳಿಗ್ಗೆ ಮೊದಲ ಹೆಜ್ಜೆಯ ನೋವು ಅನ್ನುವುದು ಡಾಕ್ಟರ ಇಂಗ್ಲಿಷಿನಲ್ಲೂ ಇದೆ. ನಿಮ್ಮ ಮಾತಲ್ಲೇ ಹಾಕುತ್ತೇನೆ.

ತೀರ್ಥಹಳ್ಳಿ ಸರ್, ನ್ಯೂರಾನ್ ಅಂದಿರಲ್ಲ. ನ್ಯೂರಾನ್ ಪದ ಹುಟ್ಟಿದ್ದೇ ನಮ್ಮ ನರದಿಂದ ಅಂತ ವಾಟ್ಸಾಪಿನಲ್ಲಿ ಒಂದು ಮೆಸೇಜು ಓಡಾಡುತ್ತದೆ. ನಿಜವಾ?

ತುಂಗಾ ದಂಡೆ (ತೀರ್ಥಹಳ್ಳಿ)

ಅಯ್ಯೋ ಮಾರಾಯ್ರೇ, ಆ ಮೆಸೇಜು ನನಗೂ ಬಂದಿದೆ, ನಮ್ಮ ಸ್ಟಾಫ್ ಗ್ರೂಪಿನಲ್ಲೇ. ಸದ್ದು ಒಂದೇ ಥರ ಅಂತ ಜಾತಕ ಕೂಡಿಸಬಾರದು. ಗ್ರೀಕ್ ಪದದ ಮೊದಲು ಒಂದು ‘ಸ’ ಇತ್ತು, ಬಿದ್ದುಹೋಯಿತು. ಅದು ಸ್ನಾವನ್‌ನಲ್ಲಿ ಉಳಿದಿದೆ. ನಮ್ಮ ನರದ ಕುಟುಂಬ ಬೇರೆ: ತಮಿಳಿನ ನರಂಬು, ತೆಲುಗಿನ ನರಮು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟಿನಲ್ಲಿ ಇವೆಲ್ಲ ಒಟ್ಟಿಗೆ ಕೂತಿವೆ.

ಆದರೆ ಆ ಮೆಸೇಜು ಬರೆದ ಪುಣ್ಯಾತ್ಮ ಇದಕ್ಕಿಂತ ಒಳ್ಳೆಯದನ್ನು ಬಿಟ್ಟುಬಿಟ್ಟಿದ್ದಾನೆ. ತಮಿಳಿನ ನರಂಬು ಅಂದರೆ ಮೈಯೊಳಗಿನ ನರವೂ ಹೌದು, ಯಾಳ್ ಎಂಬ ವಾದ್ಯದ ತಂತಿಯೂ ಹೌದು. ಹಳಗನ್ನಡದಲ್ಲಿ ಬಿಲ್ಲಿನ ಹೆದೆಗೆ ನಾರಿ ಅನ್ನುತ್ತಾರೆ, ನಾರಿನ ಕಡೆಯದು. ಹೆಂಗಸು ಎಂಬ ನಾರಿ ಬೇರೆ, ಅದು ಸಂಸ್ಕೃತದ್ದು. ಗ್ರೀಕರ ನ್ಯೂರಾನ್‌ಗೆ ಮೊದಲ ಅರ್ಥ ಏನು ಗೊತ್ತಾ? ಟೆಂಡನ್, ಬಿಲ್ಲಿನ ಹೆದೆ, ಹುರಿ. ಲ್ಯಾಟಿನ್ನಿನ ನೆರ್ವುಸ್‌ಗೂ ಅದೇ. ಪ್ರಾಣಿಯ ಮೈಯಿಂದ ತೆಗೆದ ಬಿಳಿ ಹುರಿಯನ್ನು ಹೊಸೆದು ಹೆದೆ ಕಟ್ಟುತ್ತಿದ್ದ ಜನ ಆ ಹುರಿಗೆ ಕೊಟ್ಟ ಹೆಸರು ಅದು. ಸಂಬಂಧವೇ ಇಲ್ಲದ ಎರಡು ಭಾಷಾಕುಟುಂಬ, ಇಬ್ಬರೂ ಮೈಯ ಹುರಿಯನ್ನೂ ಬಿಲ್ಲಿನ ಹುರಿಯನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ.

ನರ್ವ್ ಬೇರೆ, ಟೆಂಡನ್ ಬೇರೆ ಅಂತ ಗ್ರೀಕರಿಗೇ ಬಹಳ ಕಾಲ ಸ್ಪಷ್ಟವಿರಲಿಲ್ಲ. ಎರಡೂ ಬೆಳ್ಳಗೆ, ಎರಡೂ ಉದ್ದ. ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹೀರೋಫಿಲಸ್ ಎಂಬ ವೈದ್ಯ ಹೆಣಗಳನ್ನು ಕೊಯ್ದು ನೋಡಿ, ಮಿದುಳಿನಿಂದ, ಬೆನ್ನುಹುರಿಯಿಂದ ಹೊರಡುವ ಎಳೆಗಳೇ ಬೇರೆ ಎಂದು ಬಿಡಿಸಿದ. ಹೊಸ ವಸ್ತು ಸಿಕ್ಕಿತು, ಹೊಸ ಹೆಸರು ಹುಟ್ಟಲಿಲ್ಲ. ಹಳೆಯದೇ ಅತ್ತ ಜರುಗಿತು. ಇಂಗ್ಲಿಷರು ನರ್ವ್ ಪದವನ್ನು ತಂದುಕೊಂಡಾಗಲೂ ಅದರೊಳಗೆ ಟೆಂಡನ್ ಅರ್ಥ ಇತ್ತು. ಮೈ ಮುರಿದು ದುಡಿಯುವುದಕ್ಕೆ ‘ಒಂದೊಂದು ನರ್ವನ್ನೂ ಬಿಗಿಯುವುದು’ ಅಂತ ಇಂಗ್ಲಿಷಿನಲ್ಲಿ ಈಗಲೂ ಹೇಳುತ್ತಾರೆ. ನರ್ವ್ ಬಿಗಿಯುತ್ತದಾ? ಬಿಗಿಯುವುದು ಟೆಂಡನ್ನು.

ಫಿಸಿಯೋ ಅಕ್ಕ (ಶಿವಮೊಗ್ಗ)

ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ, ಇದಕ್ಕೊಂದು ಸೇರಿಸಲೇಬೇಕು. ನಿಮ್ಮ ಡಾಕ್ಟರು ದಿನಾ ಬಾಯಲ್ಲಿ ಹೇಳುವ ಒಂದು ಪದ ಇದೆ, ಅಪೋನ್ಯೂರೋಸಿಸ್. ಅಂಗೈಯಲ್ಲಿ, ಅಂಗಾಲಲ್ಲಿ, ಹೊಟ್ಟೆಯಲ್ಲಿ ಟೆಂಡನ್ನಿನ ಥರದ್ದೇ ವಸ್ತು ಚಪ್ಪಟೆಯಾಗಿ ಹರಡಿರುತ್ತದೆ, ಅದರ ಹೆಸರು. ಹೆಸರೊಳಗೆ ನ್ಯೂರಾನ್ ಕೂತಿದೆ. ನರ್ವಿಗೂ ಅದಕ್ಕೂ ಏನೂ ಸಂಬಂಧ ಇಲ್ಲ! ಪರೀಕ್ಷೆಗೆ ಉರು ಹೊಡೆಯುವಾಗ ಇದು ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡಿದ್ದೆ, ಯಾರೂ ಹೇಳಿಕೊಟ್ಟಿರಲಿಲ್ಲ. ಡಾಕ್ಟರುಗಳೇ ಟೆಂಡನ್ ಹಾಳೆಗೆ ‘ನರ’ ಇರುವ ಹೆಸರು ಇಟ್ಟುಕೊಂಡು, ಕೊನೆಗೌಡರನ್ನು ನೋಡಿ ನಗುವುದು ನ್ಯಾಯ ಅಲ್ಲ.

ಆದರೂ ಕರಪತ್ರದಲ್ಲಿ ಬರೀ ‘ನರ’ ಹಾಕುವುದಕ್ಕೆ ನನ್ನ ತಕರಾರಿದೆ. ಪದದ ಚರಿತ್ರೆ ಏನೇ ಇರಲಿ, ‘ನರದ ತೊಂದರೆ’ ಅಂದ ತಕ್ಷಣ ಜನ ಹೆದರುತ್ತಾರೆ. ಲಕ್ವ ಹೊಡೆಯುತ್ತಾ, ಕಾಲು ಬಿದ್ದುಹೋಗುತ್ತಾ ಅಂತ ನನ್ನನ್ನೇ ಎಷ್ಟು ಜನ ಕೇಳಿದ್ದಾರೆ. ಇನ್ನು ಕೆಲವರು ಮೆಡಿಕಲ್ ಶಾಪಿಗೆ ಹೋಗಿ ನರಕ್ಕೆ ಮಾತ್ರೆ ಕೊಡಿ ಅಂತ ತಂದು ನುಂಗುತ್ತಾರೆ. ಹಿಮ್ಮಡಿ ಟೆಂಡನ್ನಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಂತ ಸ್ನಾಯುರಜ್ಜು ಬೇಡವೇ ಬೇಡ.

ಜಾಗ ಹೇಳಿ, ಕೆಲಸ ಹೇಳಿ. ‘ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಗಟ್ಟಿ ಹುರಿ’ ಅಂತ ಒಂದು ಸಲ ಬರೆದು, ಆಮೇಲೆ ‘ಹಿಮ್ಮಡಿ ಹುರಿ’ ಅಂತ ಮುಂದುವರಿಸಿ. ಇನ್ನೊಂದು ಪರೀಕ್ಷೆ ಕೂಡ ಸೇರಿಸಲು ಡಾಕ್ಟರನ್ನು ಕೇಳಿ. ಬೋರಲು ಮಲಗಿ, ಪಾದ ಮಂಚದಿಂದ ಹೊರಗೆ ಇಳಿಬಿಡಬೇಕು. ಬೇರೆಯವರು ಮೀನಖಂಡವನ್ನು ಹಿಚುಕಿದರೆ ಪಾದ ಕಾಲಿನ ನೇರಕ್ಕೆ ಚಾಚಬೇಕು. ಅಲ್ಲಾಡದಿದ್ದರೆ ಹುರಿ ಹರಿದಿರುವ ಸಾಧ್ಯತೆ ಜಾಸ್ತಿ. ಉಳುಕು ತೆಗೆಸಿಕೊಂಡು ತಿರುಗುವುದು ಬಿಟ್ಟು ಅವತ್ತೇ ಆಸ್ಪತ್ರೆಗೆ ಬರಬೇಕು. ಅಲ್ಲಾಡಿದರೂ ಟಪ್ ಅಂತ ಸದ್ದಾಗಿ ನೋವು ಬಂದಿದ್ದರೆ ತೋರಿಸಿಕೊಳ್ಳುವುದೇ ಒಳ್ಳೆಯದು.

ಹೊಸನಗರದ ಮೇಷ್ಟ್ರು

ಹುರಿ ಚೆನ್ನಾಗಿದೆ. ಹುರಿಗಟ್ಟಿದ ಮೈ ಎನ್ನುತ್ತೇವಲ್ಲ.

ಒಂದು ವಿನೋದ ಹೇಳಿ ನಿಲ್ಲಿಸುತ್ತೇನೆ. ಸ್ನಾಯು ನಮ್ಮಲ್ಲಿ ಮಸಲ್ ಆಯಿತು, ಮರಾಠಿಯಲ್ಲೂ ಮಸಲ್. ಬಂಗಾಳಿಯಲ್ಲಿ ಅದೇ ಸ್ನಾಯು ನರ್ವ್ ಆಗಿದೆ. ಹಿಂದಿಯ ಶಾಲಾ ಪುಸ್ತಕದಲ್ಲಿ ಲಿಗಮೆಂಟ್. ಕನ್ನಡದ ಹುಡುಗ, ಬಂಗಾಳದ ಹುಡುಗ, ಹಿಂದಿಯ ಹುಡುಗ ಮೂವರೂ ಒಂದೇ ಪದ ಬರೆದು ಮೂರು ಬೇರೆ ಅಂಗಾಂಶಕ್ಕೆ ಅಂಕ ತೆಗೆದುಕೊಳ್ಳುತ್ತಾರೆ. ಹಿಂದಿಯಲ್ಲಿ ನರ್ವ್‌ಗೆ ತಂತ್ರಿಕಾ ಅಂತ ಮಾಡಿದ್ದಾರೆ. ತಂತು, ತಂತಿ ಇವೆಲ್ಲ ‘ತನ್’, ಅಂದರೆ ಎಳೆ, ಹಿಗ್ಗಿಸು ಎಂಬ ಧಾತುವಿನವು. ಟೆಂಡನ್ನಿನ ಹಿಂದೆ ಇರುವ ಗ್ರೀಕ್ ಪದವೂ ಅದೇ ಮೂಲದ್ದಲ್ಲವೇ ತೀರ್ಥಹಳ್ಳಿಯವರೇ?

ತುಂಗಾ ದಂಡೆ (ತೀರ್ಥಹಳ್ಳಿ)

ಹೌದು ಮೇಷ್ಟ್ರೇ, ಅದೇ. ಅಂದರೆ ಹಿಂದಿಯವರ ನರ್ವ್ ಟೆಂಡನ್ನಿನ ನೆಂಟ, ಕನ್ನಡದ ಮಸಲ್ ಸಿನ್ಯೂವಿನ ನೆಂಟ. ಇನ್ನು ಮಸಲ್ ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ. ಹಳೇ ಇಂಗ್ಲಿಷಿನಲ್ಲೂ ಇಲಿಗೂ ಮಸಲ್‌ಗೂ ಒಂದೇ ಪದ, ‘ಮೂಸ್’. ಅವರಿಗೆ ಚರ್ಮದ ಕೆಳಗೆ ಇಲಿ ಓಡಿತು, ನಮಗೆ ಮೀನು ಓಡಿತು. ತುಂಗೆ ದಂಡೆಯವನಾದ ನನ್ನ ಓಟು ಮೀನಿಗೆ.

ಅಕ್ಷರ ಜೋಡಿಸುವವಳು

ಎಲ್ಲರಿಗೂ ಧನ್ಯವಾದ. ಅಪೋನ್ಯೂರೋಸಿಸ್ ವಿಷಯವನ್ನು ಡಾಕ್ಟರಿಗೆ ಮೆಸೇಜ್ ಮಾಡಿದೆ. ಮೊದಲು ನಗುವ ಮುಖ ಬಂತು. ಸ್ವಲ್ಪ ಹೊತ್ತು ಬಿಟ್ಟು ‘ಇದು ನನಗೂ ಹೊಳೆದಿರಲಿಲ್ಲ’ ಅಂತ ಬಂತು. ಮೀನಖಂಡ ಹಿಚುಕುವ ಪರೀಕ್ಷೆಗೂ ಒಪ್ಪಿದ್ದಾರೆ, ಚಿತ್ರ ಹಾಕಿ ಅಂದಿದ್ದಾರೆ. ಚಿತ್ರ ಬರೆಯುವವರನ್ನು ಹುಡುಕುವುದೂ ಟೈಪಿಂಗ್ ದುಡ್ಡಿನಲ್ಲೇ ಸೇರಿತು ಅಂತ ಕಾಣುತ್ತದೆ.

ಈಗ ಹೀಗೆ ಕೂರಿಸಿದ್ದೇನೆ:

‘ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಗಟ್ಟಿ ಹುರಿ ಇದೆ. ಇದನ್ನೇ ಹಿಮ್ಮಡಿ ನರ ಎನ್ನುತ್ತೇವೆ. ಇದು ಲಕ್ವಕ್ಕೆ ಸಂಬಂಧಪಟ್ಟ ನರ ಅಲ್ಲ. ಬೆಳಿಗ್ಗೆ ಎದ್ದು ಮೊದಲು ಕಾಲೂರಿದಾಗ ಇಲ್ಲಿ ನೋವಿದ್ದು, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತಿದ್ದರೆ ಹುರಿ ದಣಿದಿದೆ ಎಂದು ತಿಳಿಯಿರಿ.’

‘ದಣಿದಿದೆ’ ನನ್ನ ಸೇರಿಕೆ. ಫಿಸಿಯೋ ಅಕ್ಕ, ತಪ್ಪಿದ್ದರೆ ಇವತ್ತು ರಾತ್ರಿಯೊಳಗೆ ಹೇಳಿಬಿಡಿ, ನಾಳೆ ಪ್ಲೇಟಿಗೆ ಹೋಗುತ್ತದೆ.

ಫಿಸಿಯೋ ಅಕ್ಕ (ಶಿವಮೊಗ್ಗ)

ದಣಿದಿದೆ ಇರಲಿ. ‘ನೋವಿದ್ದಾಗ ತಳೆ ಹಾಕಬೇಡಿ’ ಅಂತ ಅದರ ಕೆಳಗೇ ಒಂದು ಸಾಲು ದಪ್ಪ ಅಕ್ಷರದಲ್ಲಿ ಹಾಕಿ.

ಕೊನೆಗೌಡರ ಮನೆ (ಸಾಗರ)

ತಳೆ ಹಾಕಬೇಡಿ ಅಂದ್ರೆ ಅಪ್ಪ ಆ ಹಾಳೆ ಓದೋದೇ ಇಲ್ಲ ಅಕ್ಕ. ಕೊಯ್ಲಿನ ಟೈಮಲ್ಲಿ ಯಾರು ಮನೆಯಲ್ಲಿ ಕೂರ್ತಾರೆ. ‘ನೋವಿದ್ದ ದಿನ ಹತ್ತೋದು ಬಿಟ್ಟು ಹಗ್ಗ ಹಿಡಿಯೋ ಕೆಲಸಕ್ಕೆ ನಿಲ್ಲಿ’ ಅಂತ ಹಾಕಿ. ಕೆಳಗೆ ನಿಂತು ಕೊನೆ ಇಳಿಸಿಕೊಳ್ಳೋದಕ್ಕೂ ಒಬ್ಬರು ಬೇಕೇ ಬೇಕು.

ಅಕ್ಷರ ಜೋಡಿಸುವವಳು

ಹಾಕಿದೆ. ಡಾಕ್ಟರೂ ಸರಿ ಅಂದರು.